ಗಾಲಿ ಬರ್ತಿಲ್ಲ

ಮುಳಬಾಗಿಲು ದಾಟಿ ನಂಗಲಿಯ ಕಡೆ ಏರು ಹತ್ತುವಾಗಲೆಲ್ಲ ನಮ್ಮ ಕಾರು ಕುದಿಯುತ್ತಿತ್ತು. ನಮ್ಮ ಕಾರು ಎಂದೆ. ಅದು ಕೋಲಾರದ ವಕೀಲರೊಬ್ಬರದು, ನಾನು ಡ್ರೈವರ್. ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ವಕೀಲರು ಮೈಸೂರಿನಿಂದ ಹೊಸದಾಗಿ ಬಂದವರು, ತೆಲುಗಿನ ಗಂಧವೇ ಇಲ್ಲ. ನನಗೋ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಗಾಬರಿಯಾದರೆ ಎರಡೂ ಕಲಸಿಹೋಗುತ್ತಿದ್ದವು.

"ರೇಡಿಯೇಟರಿಗೆ ನೀರು ಹಾಕೋದಿಲ್ಲ ನೀನು. ಇನ್ನೊಂದು ಸಲ ಹೀಗಾದರೆ ಕೆಲಸ ಬಿಟ್ಟು ನಡಿ" ಎಂದು ವಕೀಲರು ಹೇಳಿಯಾಗಿತ್ತು. ನೀರು ತುಂಬಿಯೇ ಇರುತ್ತಿತ್ತು. ಬಯಲು ರಸ್ತೆಯಲ್ಲಿ ಜೋರಾಗಿ ಓಡುವಾಗ ಕುದಿಯದ್ದು, ನಿಧಾನವಾಗಿ ಏರುವಾಗ ಮಾತ್ರ ಯಾಕೆ ಕುದಿಯಬೇಕು?

ಆ ದಿನವೂ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎಂಜಿನ್ ಆರಿಸದೆ ಇಳಿದು, ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ರೇಡಿಯೇಟರಿನ ಮುಂದೆ ಹಿಡಿದೆ. ಹಿಂದಿನ ಫ್ಯಾನು ಸರಿಯಾಗಿ ತಿರುಗಿದರೆ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಟವೆಲ್ ಜೋತುಬಿದ್ದೇ ಇತ್ತು. ಬಾನೆಟ್ ಎತ್ತಿದರೆ ಫ್ಯಾನಿನ ಬೆಲ್ಟು ಸಡಿಲವಾಗಿ ಜಾರುತ್ತಿದೆ! ತಪ್ಪು ನನ್ನದಲ್ಲವೆಂಬ ಖುಷಿಗೆ ಬಾಯಿಗೆ ಬಂದದ್ದನ್ನು ಒದರಿದೆ.

"ಗಾಲಿ ಬರ್ತಿಲ್ಲ ಸ್ವಾಮಿ!"

ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ವಕೀಲರು ಬಗ್ಗಿ ಚಕ್ರಗಳನ್ನು ನೋಡಿದರು. "ನಾಲ್ಕೂ ಇಲ್ಲೇ ಇವೆಯಲ್ಲೋ!"

ನಾನು ಜೊತೆಗೆ ಬಂದಿದ್ದ ಗೆಳೆಯನ ಕಡೆ ತಿರುಗಿದೆ. ನಮ್ಮೂರಿನವನೇ, ಅವನ ಮನೆಮಾತೂ ತೆಲುಗೇ. ವಕೀಲರ ಮನೆಯಲ್ಲಿ ಮೇಲುಗೆಲಸಕ್ಕೆ ಸೇರಿಸಿದ್ದೂ, ಕಾರು ಓಡಿಸಲು ಕಲಿಸಿದ್ದೂ ನಾನೇ. ಅವನು ಬಿಡಿಸಿ ಹೇಳುತ್ತಾನೆ ಎಂದುಕೊಂಡೆ.

"ನೀರು ಕುದೀತಿದ್ರೆ ಇವ್ನು ಗಾಲಿ ಅಂತಾನೆ ನೋಡಿ ಸ್ವಾಮಿ" ಎಂದು ಅವನು ನಕ್ಕ. "ಬಿಡಿ, ನಾನ್ ನೋಡ್ತೀನಿ."

ಫ್ಯಾನು, ಬೆಲ್ಟು ಎಂದು ನಾನು ತೊದಲಿದ್ದನ್ನು ವಕೀಲರು ಕಿವಿಗೇ ಹಾಕಿಕೊಳ್ಳಲಿಲ್ಲ. "ಇನ್ಮೇಲೆ ಕಾರು ಅವನೇ ಓಡಿಸಲಿ" ಎಂದು ಹೇಳಿ ಹೊಂಗೆಮರದ ನೆರಳಿಗೆ ಹೋದರು.

ಗೆಳೆಯ ಎಂಜಿನ್ ಆರಿಸಿ, ನನ್ನ ಕೈಯಿಂದಲೇ ಸ್ಪ್ಯಾನರ್ ಇಸಿದುಕೊಂಡ. ನೀರಿನ ಮುಚ್ಚಳ ಮುಟ್ಟಲಿಲ್ಲ, ಚಕ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಬೆಲ್ಟಿಗೇ ಕೈ ಹಾಕಿದ. ಕೆಲಸ ಹೋದದ್ದು ಇರಲಿ, ಇವನನ್ನು ನಂಬಿ ಕೆಟ್ಟೆನಲ್ಲ!

ಬಿಗಿದಾದ ಮೇಲೆ ಎಂಜಿನ್ ಶುರುಮಾಡಿ, ನನ್ನ ಹೆಗಲಿನ ಟವೆಲ್ಲನ್ನೇ ಎಳೆದು ಮುಂದೆ ಹಿಡಿದ. ಅದು ಟಪ್ಪೆಂದು ಅಂಟಿಕೊಂಡಿತು. ಟವೆಲ್ಲನ್ನು ವಾಪಸು ಹೆಗಲಿಗೆ ಹಾಕುತ್ತಾ, ವಕೀಲರಿಗೆ ಕೇಳದಂತೆ, ನಮ್ಮಿಬ್ಬರ ತೆಲುಗಿನಲ್ಲೇ ಹೇಳಿದ.

"ಇಪ್ಪುಡು ಗಾಲಿ ವಸ್ತಾಂದಿರಾ."

ಈಗ ಗಾಳಿ ಬರ್ತಿದೆ ಕಣೋ, ಎಂದು.