ಕಿಕ್ಕಿಗೆ ಬೇಕಾಗಿದ್ದ ಒಂದು ಏಟು

ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಊಟಕ್ಕೆ ಕೂತರೂ ಮೊಣಕಾಲು ಅಲ್ಲಾಡುತ್ತಲೇ ಇರುತ್ತದೆ. "ಕಾಲಾಡಿಸ್ಬ್ಯಾಡ ಕಣ್ಲಾ, ಮನೆಗೆ ಒಳ್ಳೇದಲ್ಲ" ಎಂದು ಅವ್ವ ಬೈದೂ ಬೈದೂ ಸಾಕಾಗಿ ಸುಮ್ಮನಾದಳು. ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಂತೂ ನನಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಕಾರಣ ಒಂದು ಸದ್ದು.

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಕ್ಯಾಸೆಟ್ ಅಂಗಡಿಯೊಂದರ ಮೇಲಿನ ರೂಮಿನಲ್ಲಿ ನನ್ನ ಕಂಪ್ಯೂಟರ್ ಇತ್ತು. ಬಿಸಿ ತಡೆಯಲಾರದೆ ಆಗಾಗ ಆಫ್ ಆಗುತ್ತಿದ್ದ ಅದರ ಡಬ್ಬಿ ಬಿಚ್ಚಿ, ಟೇಬಲ್ ಫ್ಯಾನನ್ನು ಅದಕ್ಕೇ ತಿರುಗಿಸಿಟ್ಟು ನಾನು ಬೆವರುತ್ತಾ ಕೂತಿರುತ್ತಿದ್ದೆ. ದೇವರ ಹಾಡು, ಮದುವೆ ಹಾಡು, ಜಾನಪದ, ಯಾರು ಏನು ಹಾಡಿಕೊಂಡು ಬಂದರೂ ಅದರ ಕೆಳಗೆ ಬೀಟ್ ಕೂರಿಸುವುದು ನನ್ನ ಕೆಲಸ. ಬೀಟಿನಲ್ಲೂ ನನಗೆ ಹುಚ್ಚು ಹಿಡಿಸಿದ್ದು ಕಿಕ್. ಹಾಡಿನ ತಳದಲ್ಲಿ ಹೆಜ್ಜೆ ಹಾಕಿದ ಹಾಗೆ ಬೀಳುವ, ಎದೆಗೆ ಬಂದು ಗುದ್ದುವ ಆ ದಪ್ಪ 'ಧಂ'. ಕೇಳುವವರು ಅದನ್ನು ಗಮನಿಸುವುದೇ ಇಲ್ಲ, ಆದರೆ ಅದು ಸರಿಯಿಲ್ಲದಿದ್ದರೆ ಯಾರ ಕಾಲೂ ಏಳುವುದಿಲ್ಲ.

ಆ ವರ್ಷ ಮಾರ್ಚಿನಲ್ಲಿ ಹೊಳೆನರಸೀಪುರದಿಂದ ಅಪ್ಪ ಬಂದ. ಅಪ್ಪ ಅಲ್ಲಿ ಸರ್ಕಾರಿ ಆಫೀಸೊಂದರಲ್ಲಿ ಅಟೆಂಡರ್. ಅಲ್ಲಿನ ನಮ್ಮ ಕೇರಿಯ ಸಂಘಕ್ಕೆ ಹಿರಿಯ. ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆಗೆ ಕೇರಿಯ ಹುಡುಗಿಯರು ಹಾಡಿದ್ದ ನಾಲ್ಕು ಹಾಡಿನ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಹೇಳಿದ:

"ಇದುಕ್ಕೆ ಬೀಟ್ ಆಕ್ಕೊಡು. ನಿನ್ ಕಂಪ್ಯೂಟ್ರಾಗೆ ಏನ್ ಬೇಕಾದ್ರೂ ಮಾಡ್ಕೋ. ತಮಟೆ ಮಾತ್ರ ಬ್ಯಾಡ."

ಅಪ್ಪ ಬಾಯಿ ಬಿಟ್ಟು ನನ್ನಿಂದ ಏನಾದರೂ ಕೇಳಿದ್ದು ಅದೇ ಮೊದಲು. ತಮಟೆ ಏಕೆ ಬೇಡ ಎಂದು ನಾನು ಕೇಳಬೇಕಿರಲಿಲ್ಲ. ಹರೆಯದಲ್ಲಿ ಅಪ್ಪ ಸುತ್ತಲ ಊರುಗಳಲ್ಲೇ ಹೆಸರಾದ ತಮಟೆಯವನು. ಆದರೆ ಊರಿನಲ್ಲಿ ಯಾರೇ ಸತ್ತರೂ ಹೇಳಿ ಕಳಿಸುತ್ತಿದ್ದರು. ಉಣ್ಣುವ ತಟ್ಟೆ ಬಿಟ್ಟು ಎದ್ದುಹೋಗಿ ಹೆಣದ ಮುಂದೆ ಬಾರಿಸಬೇಕಿತ್ತು. ಬರುವುದಿಲ್ಲ ಎಂದು ಹೇಳಲು ಬಾಯಿಲ್ಲ. ನೌಕರಿ ಸಿಕ್ಕಿ, ಬುದ್ಧನ ದೀಕ್ಷೆ ತಗೊಂಡ ವರ್ಷ ತಮಟೆಯನ್ನು ಹೊಳೆಗೆ ಬಿಟ್ಟು ಬಂದವನು ಮತ್ತೆ ಕೋಲು ಮುಟ್ಟಲಿಲ್ಲ. ಅರಕಲಗೂಡಿನ ಕಡೆ ಹಳ್ಳಿಯಲ್ಲಿದ್ದ ಅವ್ವನ ಅಣ್ಣ ಮಾತ್ರ ಬಿಡದೆ ಬಾರಿಸುತ್ತಲೇ ಇದ್ದ. ಅದೇ ವಿಷಯಕ್ಕೆ ಅಪ್ಪ ಅವನ ಮನೆಯ ಹೊಸ್ತಿಲು ತುಳಿಯುವುದನ್ನೂ ಬಿಟ್ಟಿದ್ದ.

ಹತ್ತು ದಿನ ಕೂತು ಕಿಕ್ ಮಾಡಿದೆ. ಒಂದು ಸಪಾಟಾದ ಸ್ವರ ತಗೊಂಡು, ಮೇಲಿಂದ ಕೆಳಕ್ಕೆ ಥಟ್ಟನೆ ಜಾರಿಸಿದರೆ ಅದು 'ಧಂ' ಆಗುತ್ತದೆ. ತಳದ ಗುಂಯ್‌ಕಾರ ಏರಿಸಿದೆ, ಕೊನೆಗೆ ಎಳೆಯುವ ಬಾಲ ಕತ್ತರಿಸಿದೆ, ಸದ್ದನ್ನು ಒತ್ತಿ ಬಿಗಿ ಮಾಡುವ ಕಂಪ್ರೆಸರ್ ಹಾಕಿ ಹಿಂಡಿದೆ. ಹೆಡ್‌ಫೋನಿನಲ್ಲಿ ಕೇಳಿದರೆ ಕಿವಿಯಲ್ಲ, ಹೊಟ್ಟೆಯೇ ಅದುರಬೇಕು, ಹಾಗಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೆರವಣಿಗೆಗೆ ಪ್ರತಿವರ್ಷ ಸೌಂಡ್ ಸೆಟ್ ತರುತ್ತಿದ್ದವನು ಚನ್ನರಾಯಪಟ್ಟಣದವನು. ಆಟೋದ ಮೇಲೆ ನಾಲ್ಕು ಹಾರ್ನ್ ಕಟ್ಟುತ್ತಿದ್ದ. ಬಾಯಿ ಅಗಲಿಸಿದ ಕಹಳೆಯಂಥ, ಎಲೆಕ್ಷನ್ ಪ್ರಚಾರಕ್ಕೆ ಬಳಸುವ ಅದೇ ಹಾರ್ನು. ಒಂದು ಸಲ ಹಾಕಿ ನೋಡೋಣವೆಂದು ಸಿಡಿ ಹಿಡಿದು ಬಸ್ ಹತ್ತಿದೆ. ಅವನ ಅಂಗಡಿ ಮುಂದೆ ಹಾಡು ಶುರುವಾಯಿತು. ಹುಡುಗಿಯರ ದನಿ ಬಂತು, ತಾಳದ ಚಿಣಿಚಿಣಿ ಬಂತು. ಕಿಕ್ ಎಲ್ಲಿ? ವಾಲ್ಯೂಮ್ ಏರಿಸಿದೆವು. ಹಾರ್ನು ಗೊರಗೊರ ಎಂದಿತೇ ಹೊರತು ಕಿಕ್ ಇಲ್ಲವೇ ಇಲ್ಲ. ಹತ್ತು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

"ಆರ್ನ್‌ನಾಗೆ ಆ ದಪ್ಪ ಸೌಂಡು ಬರಾಕಿಲ್ಲ ಸಾ" ಎಂದ ಅವನಿಗೆ ನನ್ನ ಮುಖ ನೋಡಿ ಪಾಪ ಎನಿಸಿರಬೇಕು. "ಅದುರ್ ತಲೆ ಮ್ಯಾಲೆ ಚಟ್ ಅನ್ನೋದು ಒಂದು ಬೇಕು. ಚಟ್ ಕೇಳುದ್ರೆ ಧಂನ ಕಿವಿನೇ ಸೇರಿಸ್ಕತದೆ."

ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ವಾಪಸ್ ಬಂದವನೇ 'ಚಟ್' ಹುಡುಕಲು ಕೂತೆ. ರಟ್ಟಿನ ಪುಸ್ತಕ ಬಡಿದೆ. ಪ್ಲಾಸ್ಟಿಕ್ ಕೊಡ ಬಡಿದೆ. ಅಲ್ಯೂಮಿನಿಯಂ ತಟ್ಟೆ ಬಡಿದು ಕೆಳಗಿನ ಅಂಗಡಿಯವರ ಹತ್ತಿರ ಬೈಸಿಕೊಂಡೆ. ಎಲ್ಲವನ್ನೂ ರೆಕಾರ್ಡ್ ಮಾಡಿ ಕಿಕ್ಕಿನ ತಲೆಗೆ ಅಂಟಿಸಿ ನೋಡಿದೆ. ಕೊಡ ಕೊಡವಾಗಿಯೇ ಕೇಳಿಸಿತು, ತಟ್ಟೆ ತಟ್ಟೆಯಾಗಿಯೇ. ಚನ್ನರಾಯಪಟ್ಟಣಕ್ಕೆ ಇನ್ನೂ ಮೂರು ಸಲ ಹೋಗಿಬಂದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿ ಕುಟ್ಟುತ್ತಾ ಕೂತು, "ಸ್ವಲ್ಪ ಸುಮ್ಕಿರ್ತೀರಾ?" ಎಂದು ಆ ಸೀಟಿನವರಿಂದ ಅನ್ನಿಸಿಕೊಂಡೆ. ಯಾವ ಸದ್ದು ಬೇಕು ಎನ್ನುವುದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಓಡಾಡಿದೆ, ಅಷ್ಟೆ.

ಜಯಂತಿಗೆ ಐದು ದಿನ ಇರುವಾಗ ಯಾರಿಗೂ ಹೇಳದೆ ಅರಕಲಗೂಡು ಬಸ್ ಹತ್ತಿದೆ. ಮಾವ ಅಂಗಳದಲ್ಲಿ ಹುಲ್ಲು ಹೊತ್ತಿಸಿ ತಮಟೆಯನ್ನು ಬೆಂಕಿಗೆ ತಿರುಗಿಸಿ ತಿರುಗಿಸಿ ಹಿಡಿದ. ಕಾವಿಗೆ ಚರ್ಮ ಬಿಗಿಯಾದಾಗಲೇ ಅದಕ್ಕೆ ದನಿ.

"ಒಂದೇ ಒಂದು ಏಟು ಸಾಕು ಮಾವ" ಎಂದೆ, ಮೈಕ್ ಹಿಡಿದು.

"ಒಂದು ಏಟಿಗೆ ಯಾವನ್ಲಾ ಬೆಂಕಿ ಆಕ್ತಾನೆ?" ಎಂದು ನಕ್ಕು ಅರ್ಧ ಗಂಟೆ ಬಾರಿಸಿದ. ಆಮೇಲೆ ಬೆವರು ಒರೆಸಿಕೊಳ್ಳುತ್ತಾ, "ನಿಮ್ಮಪ್ಪಂಗೆ ಗೊತ್ತೇನ್ಲಾ ಅಳಿಯ?" ಎಂದ.

"ಗೊತ್ತು" ಎಂದೆ. ಸುಳ್ಳು ಸರಾಗವಾಗಿ ಬಂತು.

ಅರ್ಧ ಗಂಟೆಯಲ್ಲಿ ಒಂದೇ ಏಟು ಆರಿಸಿದೆ. ಅದರಲ್ಲೂ ಕೋಲು ಚರ್ಮಕ್ಕೆ ತಾಗಿದ ಕ್ಷಣವನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಕತ್ತರಿಸಿದೆ. ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ತುಣುಕು. ಅದನ್ನು ಕಿಕ್ಕಿನ ತಲೆಗೆ ಕೂರಿಸಿ, ಅಂಚು ಉಜ್ಜಿ, ಎರಡೂ ಒಂದೇ ಎನ್ನುವಂತೆ ಬೆಸೆದೆ. ಇಷ್ಟನ್ನು ಯಾರು ತಮಟೆ ಎಂದಾರು? ಇದು ತಮಟೆಯೇ ಅಲ್ಲ, ಬರೀ ಚಟ್ ಎಂದು ನನಗೆ ನಾನೇ ಹೇಳಿಕೊಂಡೆ.

ಮೆರವಣಿಗೆಯ ದಿನ ಹಾರ್ನಿನಿಂದ ಕಿಕ್ ಬಂತು. ಬಂತು ಅಂದರೆ ಹೇಗೆ, ರಸ್ತೆಯ ಆ ತುದಿಯವರೂ ತಿರುಗಿ ನೋಡಬೇಕು. ಕೇರಿಯ ಹುಡುಗರು ಕುಣಿತಕ್ಕೆ ಇಳಿದರು, ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸೇರಿದರು. ಆಟೋದ ಪಕ್ಕ ನಡೆಯುತ್ತಿದ್ದ ನನಗೆ ಅದೇನೂ ಬೇಕಿರಲಿಲ್ಲ. ನಾನು ನೋಡುತ್ತಿದ್ದದ್ದು ಮುಂದೆ ಜನರನ್ನು ಸರಿಸುತ್ತಾ ನಡೆಯುತ್ತಿದ್ದ ಅಪ್ಪನ ಬೆನ್ನನ್ನು. ಮೊದಲ ಹಾಡಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಅಪ್ಪನ ಎಡಗೈಯ ಎರಡು ಬೆರಳು ತೊಡೆಯ ಮೇಲೆ ಆಡತೊಡಗಿದವು. ನನ್ನ ಕಿಕ್ ಬಿಟ್ಟ ಜಾಗಗಳಲ್ಲಿ, ತಮಟೆಯವರು ಎಡಗೈಯಲ್ಲಿ ಹಿಡಿಯುವ ಸಣ್ಣ ಕೋಲಿನ ಏಟುಗಳನ್ನು ಆ ಬೆರಳು ತುಂಬುತ್ತಿದ್ದವು. ಎಂಥ ಕೈ ಅದು! ನಾನು ಕಂಪ್ಯೂಟರ್ ಮುಂದೆ ಎಷ್ಟು ತಿಂಗಳು ಕೂತರೂ ಹಾಗೆ ಕೂರಿಸಲಾರೆ. ಅಷ್ಟರಲ್ಲಿ ಅಪ್ಪ ತಲೆ ತಗ್ಗಿಸಿ ತನ್ನ ಕೈ ನೋಡಿಕೊಂಡ. ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡವನು ಮೆರವಣಿಗೆ ಮುಗಿಯುವವರೆಗೂ ಹೊರಗೆ ತೆಗೆಯಲಿಲ್ಲ.

ಮಾರನೆಯ ದಿನ ಬೆಳಗ್ಗೆ ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಕೇಳಿದ: "ನಿಮ್ಮಾವ ಎಂಗವ್ನೆ?"

ಅರಕಲಗೂಡಿಗೆ ಹೋಗಿದ್ದೆನೆಂದು ನಾನು ಅವ್ವನಿಗೂ ಹೇಳಿರಲಿಲ್ಲ. "ಚೆನ್ನಾಗವ್ರೆ" ಎಂದೆ. "ಈಗ ಸ್ಟೇಜ್ ಮ್ಯಾಲೆ ಬಾರುಸ್ತಾರೆ. ಎಲ್ಲೆಲ್ಲಿಂದನೋ ಕರೀತಾರೆ."

"ಕರೀಲಿ. ಅವ್ನಿಗೆ ಸ್ಟೇಜ್ ಕೊಟ್ರು, ನಂಗೆ ಎಣದ ಮುಂದೆ ಜಾಗ ಕೊಟ್ಟಿದ್ರು." ಅಪ್ಪ ಮುದ್ದೆ ಮುರಿಯುತ್ತಾ ತಟ್ಟೆಯನ್ನೇ ನೋಡುತ್ತಿದ್ದ. "ಆ ಸದ್ದು ಕೇಳುದ್ರೆ ಈಗ್ಲೂ ನಂಗೆ ಎಣದ ವಾಸ್ನೆ ಬತ್ತದೆ ಕಣ್ಲಾ. ಆದ್ರೂ ಕೈ ಓಗ್ಬುಡ್ತದೆ. ನಾನೇನ್ ಮಾಡ್ಲಿ?"

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಏಟನ್ನು ತೆಗೆದುಹಾಕುತ್ತೇನೆ ಎಂದೆ. ಬೇಡ ಎಂದಾನೆಂಬ ಆಸೆ ಆಗಲೂ ನನ್ನಲ್ಲಿ ಒಂದಿಷ್ಟು ಇತ್ತು. ಅಪ್ಪ ಎದ್ದು ಕೈ ತೊಳೆದುಕೊಂಡು ಆಫೀಸಿಗೆ ಹೋದ.

ಮುಂದಿನ ವರ್ಷ ಆ ತುಣುಕು ಅಳಿಸಿದೆ. ಅದರ ಜಾಗಕ್ಕೆ ಏನೇನೋ ಹಾಕಿ ನೋಡಿದರೂ ಯಾವುದೂ ಕೂರಲಿಲ್ಲ. "ಏನಣ್ಣ, ಈ ಸಲ ಗುದ್ದೇ ಇಲ್ವಲ್ಲ?" ಎಂದು ಹುಡುಗರು ಅರ್ಧ ದಾರಿಯಲ್ಲೇ ಬಂದು ಜಗಳಕ್ಕೆ ನಿಂತರು. ಹಾರ್ನ್ ಸರಿಯಿಲ್ಲ ಎಂದೆ; ಚನ್ನರಾಯಪಟ್ಟಣದವನು ನನ್ನನ್ನು ದುರುಗುಟ್ಟಿ ನೋಡಿದ. ಮುಂದೆ ಅಪ್ಪ ಎರಡೂ ಕೈ ಅಗಲಿಸಿ, ಸರೀರಪ್ಪಾ, ದಾರಿ ಬುಡ್ರಪ್ಪಾ ಎಂದು ಕೂಗುತ್ತಾ ನಡೆಯುತ್ತಿದ್ದ. ಬೀಟ್ ಸಿಕ್ಕದೆ ಕುಣಿಯುವವರ ಹೆಜ್ಜೆ ತಪ್ಪುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಆಟೋದ ಪಕ್ಕ ನಡೆದೆ.