ಗೋಡೆಯಾಚೆಯಿಂದ ಕಲಿತ ಮುರಬ್ಬಾ

ನಾನು ಸೇಬುಹಣ್ಣು ಮೊದಲ ಸಲ ನೋಡಿದ್ದು ಬೀದರಿಗೆ ಸೊಸೆಯಾಗಿ ಬಂದ ಮೇಲೆ. ನನ್ನ ತವರು ಔರಾದ ಕಡೆಯ ಒಂದು ಹಳ್ಳಿ. ಅಲ್ಲಿ ಹಣ್ಣೆಂದರೆ ಬಾರಿಹಣ್ಣು, ಸೀತಾಫಲ, ಬೇಸಿಗೆಯಲ್ಲಿ ನಾಲ್ಕು ಮಾವು. ಕುರಿ ಸಾಕಿ ಜೋಳ ಬಿತ್ತುವ ಮನೆಯ ಹುಡುಗಿಗೆ ಪೇಟೆಯ ಮನೆ ಸಿಕ್ಕಿತೆಂದು ಅವ್ವ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಆಗಿನ್ನೂ ನಿಜಾಮರ ರಾಜ್ಯ. ಮಾವ ಮತ್ತು ಗಂಡ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಮನೆಯೊಳಗೆ ಅತ್ತೆಯ ಮಾತೇ ಕಡೆಯ ಮಾತು.

ನಮ್ಮ ಹಿತ್ತಲಿಗೂ ಪಕ್ಕದ ಹಿತ್ತಲಿಗೂ ನಡುವೆ ಎದೆಯೆತ್ತರದ ಕಲ್ಲುಗೋಡೆ. ಆಚೆ ಒಬ್ಬ ಮುಸಲ್ಮಾನ ಗುಮಾಸ್ತರ ಮನೆ. ಅವರು ಭಾಲ್ಕಿಯ ಕಚೇರಿಯಲ್ಲಿ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ರೈಲಿಗೆ ಮನೆಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವರಾದ ಅವರ ಹೆಂಡತಿಯನ್ನು ನಾನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದೆ.

ನನ್ನ ಮೊದಲ ಕೂಸು ಹುಟ್ಟಿ ಮೂರು ದಿನಕ್ಕೆ ಹೋಯಿತು. ಆಮೇಲೆ ನನಗೆ ಎದೆ ಡವಡವ ಅನ್ನುವುದು, ಕಣ್ಣಿಗೆ ಕತ್ತಲೆ ಬರುವುದು ಶುರುವಾಯಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಲ್ಲೇ ವಾಲಿದ್ದನ್ನು ಆಪಾ ಗೋಡೆಯಾಚೆಯಿಂದ ನೋಡಿದರು. ಅವರ ಅಣ್ಣನಿಗೆ ಹೈದರಾಬಾದಿನಲ್ಲಿ ಹಣ್ಣಿನ ವ್ಯಾಪಾರ. ಚಳಿಗಾಲಕ್ಕೆ ಒಂದು ಬುಟ್ಟಿ ಸೇಬು ಕಳಿಸುತ್ತಿದ್ದ. ಮರುದಿನ ಆಪಾ ಗೋಡೆಯ ಮೇಲೆ ಹುಲ್ಲಿನಲ್ಲಿ ಸುತ್ತಿದ ಹಣ್ಣುಗಳನ್ನು ಸಾಲಾಗಿ ಇಟ್ಟರು.

"ಮುರಬ್ಬಾ ಮಾಡಿ ಕೊಡ್ತೇನಿ ಅಮ್ಮಾ. ದಿಲ್‌ಗೆ ತಾಕತ್ ಬರ್ತದ. ದಿನಾ ಮುಂಜಾನಿ ಒಂದ್ ತುಂಡು ತಿನ್ಲಿ," ಎಂದು ಅತ್ತೆಗೆ ಹೇಳಿದರು.

ಅತ್ತೆ ಹಣ್ಣುಗಳನ್ನೇ ನೋಡುತ್ತ ನಿಂತಳು. "ಹಣ್ಣಿಗಿ ಮೈಲಿಗಿ ಇಲ್ಲ ಬೀಬಿ. ನಿಮ್ಮ ಒಲಿ ಮ್ಯಾಲಿಂದು ಮಾತ್ರ ಬ್ಯಾಡ."

ಆಪಾ ನಕ್ಕರು. ಆ ನಗೆ ಎಷ್ಟು ಕಷ್ಟದ್ದೆಂದು ನನಗೆ ಆಗ ತಿಳಿಯಲಿಲ್ಲ. "ಆತು, ಒಲಿ ನಿಮ್ದೇ ಇರ್ಲಿ. ಬಾಯಿ ನಂದು," ಅಂದರು.

ಹಾಗೆ ನಾನು ಹಿತ್ತಲಲ್ಲಿ ಒಲೆ ಹೂಡಿ, ಅವರು ಗೋಡೆಯ ಮೇಲೆ ಮೊಳಕೈ ಊರಿ ಹೇಳಿದಂತೆ ಮಾಡುತ್ತ ಹೋದೆ. ಸಿಪ್ಪೆ ತೆಳ್ಳಗೆ ಹೆರೆಯಬೇಕು, ತೊಟ್ಟು ಬಿಡಬೇಕು. ಜಾಲಿಮುಳ್ಳಿನಿಂದ ಹಣ್ಣಿನ ಮೈಯೆಲ್ಲ ಚುಚ್ಚಬೇಕು, ಇಲ್ಲದಿದ್ದರೆ ಪಾಕ ಒಳಗಿಳಿಯುವುದಿಲ್ಲ. ಸುಣ್ಣದ ತಿಳಿನೀರಿನಲ್ಲಿ ಒಂದು ಹೊತ್ತು ನೆನೆಹಾಕಿ, ಮೂರು ಸಲ ತೊಳೆದು, ಬಿಸಿನೀರಿನಲ್ಲಿ ಅರೆಬರೆ ಬೇಯಿಸಬೇಕು. ಸಕ್ಕರೆ ಆಗ ಸುಲಭಕ್ಕೆ ಸಿಗುವ ವಸ್ತುವಲ್ಲ. ಅಂಗಡಿಯ ಮನೆಯಾದದ್ದರಿಂದ ನಮಗೆ ಸಿಕ್ಕಿತು. ಮೊದಲ ದಿನ ನಾನು ಉರಿ ಜೋರು ಮಾಡಿ ಎರಡು ಹಣ್ಣು ಒಡೆದುಹೋದವು.

"ಅವಸರ ಮಾಡಬ್ಯಾಡ ಬೇಟಿ. ಇವತ್ತು ಒಂದು ಕುದಿ, ನಾಳಿ ಒಂದು, ನಾಡಿದ್ದು ಒಂದು. ಹಣ್ಣು ತಾನಾಗೇ ಸಕ್ಕರಿ ಕುಡೀಬೇಕು."

ಮೂರನೆಯ ದಿನ ಯಾಲಕ್ಕಿ, ಲವಂಗ, ಸಣ್ಣ ತುಂಡು ದಾಲ್ಚಿನ್ನಿ. ಪಾಕ ಗಟ್ಟಿಯಾಗಿ ಸಕ್ಕರೆ ಕಟ್ಟಬಾರದೆಂದು ನಾಲ್ಕು ಹನಿ ನಿಂಬೆರಸ. ಪೂರ್ತಿ ಆರಿದ ಮೇಲೆ ಬಿಸಿಲಿಗಿಟ್ಟ ಬರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಬೇಕು. ಒದ್ದೆ ಚಮಚ ತಾಗಿದರೆ ಬೂಸು ಹಿಡಿಯುತ್ತದೆ. ಆ ಮುರಬ್ಬಾ ತಿಂದೇ ನಾನು ಎದ್ದು ಓಡಾಡುವಂತಾದೆ. ಅದನ್ನು ಕಲಿಸಿದವರಿಗೆ ರುಚಿ ನೋಡಲು ಒಂದು ತುಂಡು ಕೊಡಹೋದಾಗ ಅತ್ತೆ, ಎಲೆಯ ಮೇಲಿಟ್ಟು ಗೋಡೆಯ ಮೇಲೆ ಇಡು, ಕೈಗೆ ಕೊಡಬೇಡ ಅಂದಿದ್ದಳು.

ಹಾವಳಿಯ ವರ್ಷ ಬಂತು. ನಿಜಾಮರ ಪರವಾಗಿ ಕತ್ತಿ, ಬಂದೂಕು ಹಿಡಿದವರ ಗುಂಪುಗಳು ಓಣಿ ಓಣಿ ತಿರುಗತೊಡಗಿದವು. ಒಂದು ದಿನ ಗುಂಪೊಂದು ನಮ್ಮ ಬಾಗಿಲಿಗೇ ಬಂತು. ಆ ದಿನ ಗುಮಾಸ್ತರು ಊರಲ್ಲಿದ್ದರು. ಬರಿಗಾಲಲ್ಲಿ ಓಡಿಬಂದು ನಮ್ಮ ಹೊಸ್ತಿಲಿಗೆ ಅಡ್ಡ ನಿಂತು, ಇದು ನನ್ನ ಮನೆ, ಮೊದಲು ನನ್ನನ್ನು ಕಡಿಯಿರಿ ಎಂದರು. ಗುಂಪು ಬೈಯುತ್ತ ಹೋಯಿತು. ಮಾವ ಗುಮಾಸ್ತರ ಎರಡೂ ಕೈ ಹಿಡಿದುಕೊಂಡು ಅತ್ತರು. ಬಾಗಿಲ ಸಂದಿಯಿಂದ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಯೂ ಕಂಡಿದ್ದಳು.

ಪೊಲೀಸ್ ಆಕ್ಷನ್ ಆಯಿತು. ಮಿಲಿಟರಿ ಬಂತು, ನಿಜಾಮರ ರಾಜ್ಯ ಹೋಯಿತು ಅಂದರು. ಹಿಂದೆಯೇ ಸೇಡಿನ ದಿನಗಳು. ಈಗ ಬಾಗಿಲು ಬಡಿಯುವ ಗುಂಪುಗಳು ಬೇರೆ, ಏಟು ತಿನ್ನುವ ಬಾಗಿಲುಗಳು ಮುಸಲ್ಮಾನರವು. ಗುಮಾಸ್ತರು ಭಾಲ್ಕಿಯಲ್ಲೇ ಸಿಕ್ಕಿಬಿದ್ದಿದ್ದರು. ನಮ್ಮ ಗಂಡಸರು ಅಂಗಡಿ ಕಾಯಲು ಹೋಗಿದ್ದ ಒಂದು ಮಧ್ಯಾಹ್ನ ಆಪಾ ಹಿತ್ತಲ ಬಾಗಿಲಿಗೆ ಬಂದರು. ಕಂಕುಳಲ್ಲಿ ಒಂದು ಗಂಟು. ತಲೆಯ ಮೇಲೆ ಬಟ್ಟೆ ಇರಲಿಲ್ಲ, ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

"ಎರಡ್ ದಿನ ಅಮ್ಮಾ. ಅವ್ರು ಬರೂತನಾ ಅಷ್ಟೇ. ದನದ ಕೊಟ್ಟಿಗ್ಯಾಗ ಇರ್ತೇನಿ."

ಅತ್ತೆ ನನ್ನ ರಟ್ಟೆ ಹಿಡಿದು ಮುಂದೆ ದೂಡಿದಳು. "ನೀನೇ ಹೇಳು. ನಿನ್ನ ಗುರುತಿನಾಕಿ."

ನಾನು ಹೇಳಿದೆ. "ಮನ್ಯಾಗ ಗಂಡಸ್ರು ಇಲ್ರಿ ಆಪಾ. ನಮಗ ಅಂಜಿಕಿ ಆಗ್ತದ."

ಆಪಾ ನನ್ನನ್ನೇ ನೋಡಿದರು. "ಆತು ಬೇಟಿ. ಸ್ಟೇಷನ್ನಿಗಿ ಹೋಗ್ತೇನಿ. ಅಣ್ಣನ ಕಡಿ ಹೋಗ್ತೇನಿ. ಅವ್ರು ಬಂದ್ರ ಹೇಳು," ಎಂದು ತಿರುಗಿದರು.

ಮೂರನೆಯ ದಿನ ಬೆಳಿಗ್ಗೆ ಗುಮಾಸ್ತರು ಬಂದರು. ಭಾಲ್ಕಿಯಿಂದ ಹೊಲಗಳೊಳಗೆ ನಡೆದು ಬಂದಿದ್ದರು. ಅಂಗಿ ಹರಿದಿತ್ತು, ಕಾಲು ಬಾತಿದ್ದವು. ಬೀಗವಿಲ್ಲದ ತಮ್ಮ ಮನೆಯನ್ನೆಲ್ಲ ನೋಡಿ, ಹಿತ್ತಲಿಗೆ ಬಂದು, ಗೋಡೆಯಾಚೆಯಿಂದ ಕೇಳಿದರು. "ಎಲ್ಲಿ ಹೋಗ್ಯಾಳಮ್ಮಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದಳು, "ನಮಗೇನ್ ಗೊತ್ರಿ. ನಾವು ಬಾಗಿಲಾ ತೆಗ್ದೇ ಇಲ್ಲ."

ಒಲೆ ಹೊತ್ತಿರಲಿಲ್ಲ. ನಿನ್ನೆಯ ಎರಡು ರೊಟ್ಟಿ ಇದ್ದವು. ಬರಣಿಯಲ್ಲಿ ಹಿಂದಿನ ಚಳಿಗಾಲದ ಮುರಬ್ಬಾ ತಳದಲ್ಲಿ ಉಳಿದಿತ್ತು. ರೊಟ್ಟಿಯ ಮೇಲೆ ಹಾಕಿ ಗೋಡೆಯ ಮೇಲಿಟ್ಟೆ. ಅವರು ನಿಂತೇ ತಿಂದರು. ಅರ್ಧ ತಿಂದು ನಿಲ್ಲಿಸಿದರು.

"ಅಕೀದೇ ಕೈ ಇದ್ದಂಗ ಅದ," ಅಂದರು.

ಆಗಲೂ ನಾನು ಸ್ಟೇಷನ್ ಎಂಬ ಒಂದು ಮಾತು ಆಡಬಹುದಿತ್ತು. ಅತ್ತೆ ನನ್ನ ಹಿಂದೆ ನಿಂತು ಸೆರಗು ಹಿಡಿದಿದ್ದಳು. "ಇಲ್ಲಿಗಿ ಬಂದಿದ್ಲು ಅಂದ್ರ ಯಾಕ ಇಟ್ಕೊಳ್ಳಿಲ್ಲ ಅಂತಾನ," ಎಂದು ಕಿವಿಯಲ್ಲಿ ಅಂದಳು. ಹತ್ತಿರದ ಹಳ್ಳಿ ಕಮಠಾಣದಲ್ಲಿ ಹೆಂಡತಿಯ ಚಿಕ್ಕಮ್ಮ ಇದ್ದಾಳೆ, ಅಲ್ಲಿಗೇ ಹೋಗಿರಬೇಕು ಎಂದು ಗುಮಾಸ್ತರು ತಾವೇ ಅಂದುಕೊಂಡು, ಆ ದಾರಿ ಹಿಡಿದು ಹೋದರು. ಕಮಠಾಣ ಮುಟ್ಟಲಿಲ್ಲ. ಮತ್ತೆ ಯಾರೂ ಅವರನ್ನು ನೋಡಲಿಲ್ಲ.

ಎರಡು ವರ್ಷದ ಮೇಲೆ ಆಪಾ ಬಂದರು. ಅಣ್ಣನ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಇದ್ದರಂತೆ. ಗೋಡೆಯಾಚೆಯ ಅವರ ಮನೆಯಲ್ಲಿ ಆಗ ನನ್ನ ಮೈದುನನ ಸಂಸಾರ ಇತ್ತು. ಆಪಾ ಅದರ ಮಾತೇ ಎತ್ತಲಿಲ್ಲ. ನಮ್ಮ ಪಡಸಾಲೆಯ ತುದಿಯಲ್ಲಿ ಕೂತರು.

"ಭಾಲ್ಕಿಗಿ ಹೋಗಿದ್ದೆ ಅಮ್ಮಾ. ಕೆರಿ ಬಾಜೂಕ ಒಂದು ಮಣ್ಣಿನ ಗುಂಪಿ ತೋರಸ್ಯಾರ. ಸತ್ತವರ್ನ ಅಲ್ಲೇ ಹುಗ್ದಾರಂತ, ಇವ್ರೂ ಅಲ್ಲೇ ಇರಬೇಕಂತ. ಒಂದ್ ಮಾತು ಹೇಳ್ರಿ, ಅವ್ರು ಇಲ್ಲಿಗಿ ಬಂದಿದ್ರೇನು?"

"ಬಂದಿಲ್ಲ ಬೀಬಿ," ಅಂದಳು ಅತ್ತೆ.

ಆಪಾ ನನ್ನ ಕಡೆ ತಿರುಗಿದರು. "ನೀ ಹೇಳು ಬೇಟಿ."

"ಇಲ್ರಿ ಆಪಾ."

ಅವರು, "ಹಂಗಂದ್ರ ಭಾಲ್ಕ್ಯಾಗೇ ಅದಾರ," ಅಂದರು. ಮುಖದಲ್ಲಿ ಎಂಥದೋ ನಿರಾಳ ಬಂದಿತ್ತು. ಅದನ್ನು ನೋಡಲಾರದೆ ನಾನು ಒಳಗೆ ಹೋದೆ.

ಮುಂದೆ ನಮ್ಮ ಮನೆಯ ಸೇಬಿನ ಮುರಬ್ಬಾ ಓಣಿಯಲ್ಲೆಲ್ಲ ಹೆಸರಾಯಿತು. ಬಾಣಂತಿಯರಿಗೆ ಕೇಳಿ ಒಯ್ಯುತ್ತಿದ್ದರು. "ನಮ್ಮ ಅತ್ತಿಯಿಂದ ಕಲ್ತಿದ್ದು," ಎಂದು ಅತ್ತೆ ಹೇಳುತ್ತಿದ್ದಳು. ನಾನು ಪಾಕ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದೆ.

ಅತ್ತೆ ಸತ್ತ ವರ್ಷ ನಾನೊಬ್ಬಳೇ ಭಾಲ್ಕಿಗೆ ಹೋದೆ. ಕೆರೆಯ ದಂಡೆಯಲ್ಲಿ ಆ ಗುಂಪಿ ಸಿಕ್ಕಿತು. ಒಂದು ಬದಿಗೆ ಸುಣ್ಣ ಬಳಿದ ಕಲ್ಲು. ಅಲ್ಲಿ ಆಡು ಮೇಯಿಸುತ್ತಿದ್ದ ಮುದುಕ, ಹೈದರಾಬಾದಿನಿಂದ ಒಬ್ಬ ಹೆಣ್ಣುಮಗಳು ಪ್ರತಿ ವರ್ಷ ಬಂದು ಹುಲ್ಲು ಕಿತ್ತು, ದಿನವೆಲ್ಲ ಕೂತು ಹೋಗುತ್ತಾಳೆ ಎಂದ.

"ನಿಮ್ಮವರೇನ್ರಿ? ಬಂದಾಗ ಏನರೆ ಹೇಳ್ಬೇಕೇನು?"

ಹೇಳಬೇಕೆಂದೇ ಹೋದವಳು ನಾನು. ಆದರೆ ಆ ಕಲ್ಲಿನ ಕೆಳಗೆ ಗುಮಾಸ್ತರಿಲ್ಲ ಎಂದ ಮೇಲೆ ಆಪಾಗೆ ಕೂರಲು ನಾನು ಯಾವ ಜಾಗ ಕೊಡಲಿ? ಇದು ದಯೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದಯೆಯಲ್ಲ, ಅಂಜಿಕೆ.

"ಏನಿಲ್ರಿ ಅಜ್ಜಾ," ಅಂದು ಸಂಜೆಯ ಬಸ್ಸಿಗೆ ಬೀದರಿಗೆ ಬಂದೆ.