ಬಾಬಯ್ಯನ ಗುಂಡಿಗೆ ಬಾರದ ಸೌದೆ

ಪುಟ್ಟೇನಹಳ್ಳಿಯಲ್ಲಿ ಮೊಹರಂಗೆ ಕೆಂಡ ಹಾಕುವ ಬಾಬಯ್ಯ ದೇವರ ಗುಂಡಿಗೆ ಚಿಕ್ಕಬೈರಪ್ಪನ ಮನೆಯಿಂದ ಒಂದು ಗಾಡಿ ಸೌದೆ ಇನ್ನೂ ಬಾಕಿಯಿದೆ. ಎಂಬತ್ತೆರಡನೇ ಇಸವಿಯ ಬಾಕಿ.

ಮೊದಲ ಗಾಡಿ ಆ ಮನೆಯದೇ ಆಗಬೇಕು. ಅದು ಚಿಕ್ಕಬೈರಪ್ಪನ ತಾಯಿ ಮುನಿಕೆಂಪಮ್ಮನ ಹರಕೆ. ಆದರೆ ಕೇಳದೆ ಕೊಡುವಂತಿಲ್ಲ. ಹಬ್ಬದಲ್ಲಿ ಬಾಬಯ್ಯನ ಹಸ್ತದ ಗುರುತಾದ ಪಂಜಾ ಹಿಡಿಯುವ ಮೆಹಬೂಬ್ ಪಾಷಾ ಸಕ್ಕರೆ ತೆಗೆದುಕೊಂಡು ಹೋಗಿ ಅವರ ಹೊಸಿಲ ಮುಂದೆ ನಿಂತು ಕೇಳಬೇಕು. ಪಾಷಾ ಎತ್ತುಗಳಿಗೆ ಲಾಳ ಕಟ್ಟುವವನು. ಆ ಮನೆಯ ಎತ್ತುಗಳೆಲ್ಲ ಅವನ ಕೈಗೇ ಕಾಲು ಕೊಟ್ಟವು.

ಆ ವರ್ಷ ಸಿಟಿಯಿಂದ ಒಂದು ಸಂಸ್ಥೆಯವರು ಬಂದರು. ದುಡ್ಡು ವಿದೇಶದ್ದು, ಅದನ್ನವರು ಮುಚ್ಚಿಡಲಿಲ್ಲ. ಮುಸ್ಲಿಮರ ಮೇಲಿನ ತಾತ್ಸಾರದ ಬಗ್ಗೆ ಸರ್ಕಾರಕ್ಕೆ ಅಹವಾಲು ಕೊಡುತ್ತೇವೆ, ನಮ್ಮ ಸಭೆಯಲ್ಲಿ ಮಾತಾಡಿ ಎಂದರು. ಪಾಷಾ ಮಾತಾಡಿದ. ಆರ್.ಟಿ. ನಗರದಲ್ಲಿ ಮಗಳು ಫರೀದಾ ಬಾಡಿಗೆ ಮನೆ ಕೇಳಿದಾಗ, ಹೆಸರು ಕೇಳಿದ ಕೂಡಲೇ ಮನೆ ಖಾಲಿಯಿಲ್ಲ ಅಂದರು ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಂಸ್ಥೆಯವರು ಪಂಜಾ ಇಡುವ ಬಾಬಯ್ಯನ ಮನೆಗೆ ತಗಡು ಹೊದಿಸಿ, ಡಿಪೋದಿಂದ ಒಂದು ಲಾರಿ ಸೌದೆಯನ್ನೂ ಇಳಿಸಿದರು.

ಅರಬರ ಪೆಟ್ರೋಲ್ ದುಡ್ಡು ಬಂತು ಎಂದು ಊರು ಆಡಿಕೊಂಡಿತು. ಚಿಕ್ಕಬೈರಪ್ಪನ ಮನೆಗೆ ಹೋಗಿ ಬಾ ಎಂದು ಹೆಂಡತಿ ಅಕ್ಬರಿ ಎಷ್ಟು ಹೇಳಿದರೂ ಪಾಷಾ ಏಳಲಿಲ್ಲ. ಸೌದೆ ಇದೆಯಲ್ಲ, ಆಡಿಕೊಳ್ಳುವವರ ಹೊಸಿಲಿಗೆ ಯಾಕೆ ಹೋಗಲಿ ಎಂಬ ಸೊಕ್ಕು.

ಹಬ್ಬ ಕಳೆದ ಮೇಲೆ ಇಬ್ಬರೂ ಕೆರೆ ಏರಿಯ ಮೇಲೆ ಎದುರಾದರು.

"ಏನ್ಲಾ ಪಾಷಾ, ಅರಬ್ರು ಸೌದೆನೂ ಒಡೆದು ಕಳಿಸ್ತಾರಾ?"

"ನಿಮ್ದಕ್ಕಿಂತ ಚೆನ್ನಾಗಿ ಒಣಗಿತ್ತು ಬೈರಪ್ಪಣ್ಣ."

"ಸೌದೆ ತುಂಬಿ ಗಾಡಿ ನಿಲ್ಸಿದ್ದೆ ಕಣೋ. ನೀನು ಸಕ್ಕರೆ ತರ್ತೀಯ ಅಂತ ನಮ್ಮವ್ವ ಅಬ್ಬ ಮುಗಿಯೋಗಂಟ ಬಾಯಿಗೆ ಅನ್ನ ಆಕಲಿಲ್ಲ."



ಮರುವರ್ಷ ಅವನು ಸಕ್ಕರೆ ಹಿಡಿದು ಹೋಗುವಷ್ಟರಲ್ಲಿ ಮುನಿಕೆಂಪಮ್ಮ ತೀರಿಕೊಂಡಿದ್ದಳು. "ಓಗು, ನಿಮ್ ಸಂಸ್ಥೆಯೋರ್ನ ಕೇಳು," ಎಂದ ಚಿಕ್ಕಬೈರಪ್ಪ. ಅವರನ್ನೆಲ್ಲಿ ಕೇಳುವುದು? ದುಡ್ಡು ಬರುವುದು ನಿಂತಿತ್ತು, ಸಂಸ್ಥೆಯ ಆಫೀಸಿಗೆ ಬೀಗ ಬಿದ್ದಿತ್ತು. ಉಳಿದದ್ದು ತಗಡು. ಆ ಸಲ ಪಾಷಾ ಕೆಂಡ ಹಾಯುವಾಗ ಚಿಕ್ಕಬೈರಪ್ಪನ ಮನೆಯಿರುವ ಗೌಡರ ಬೀದಿಯಿಂದ ಒಬ್ಬರೂ ಬರಲಿಲ್ಲ.

ಸಭೆಯಲ್ಲಿ ಮಾತಾಡಿದ್ದಕ್ಕೆ ಅವನು ಕೊನೆಯವರೆಗೂ ನೊಂದುಕೊಳ್ಳಲಿಲ್ಲ. ನೊಂದುಕೊಳ್ಳಬೇಕಾಗಿಯೂ ಇರಲಿಲ್ಲ. ದುಡ್ಡು ಯಾವ ದೇಶದ್ದಾದರೇನು, ಫರೀದಾಳಿಗೆ ಮನೆ ಕೊಡದಿದ್ದವರು ಇಲ್ಲಿಯವರೇ. ಆ ಹೊಸಿಲಿಗೆ ಹೋಗದೆ ಉಳಿದದ್ದಕ್ಕೆ ಮಾತ್ರ ಕೊರಗಿದ. ಕಳೆದ ವರ್ಷ ಸತ್ತ.

ಆರ್.ಟಿ. ನಗರದಲ್ಲಿ ನಿಮ್ಮ ಮನೆ ಖಾಲಿಯಿದ್ದರೆ, ಬಂದವರ ಹೆಸರು ಕೇಳುವ ಮುಂಚೆ ಬೀಗ ತೆಗೆಯಿರಿ. ನೀವು ಪುಟ್ಟೇನಹಳ್ಳಿಯವರಾದರೆ, ಸಕ್ಕರೆ ಬರಲಿ ಎಂದು ಕಾಯಬೇಡಿ. ಈ ಮೊಹರಂಗೆ ಗಾಡಿ ಹೂಡಿ.